ಒಂದೇ ಬಳ್ಳೀಲಿ ಒಂದು ಕೊಂಬೆ ಮಾತ್ರ ಕೆಂಪು ದ್ರಾಕ್ಷಿ: ರೋಗಾನಾ, ಮ್ಯುಟೇಶನ್ನಾ?

ಚಪ್ಪರದ ಹುಡ್ಗ (ಚಿಕ್ಕಬಳ್ಳಾಪುರ)
ಎಲ್ರಿಗೂ ನಮಸ್ಕಾರ. ನಮ್ದು ನಂದಿ ಕಡೆ ದಿಲ್‌ಖುಷ್ ಅನ್ನೋ ಹಸಿರು ದ್ರಾಕ್ಷಿ ಚಪ್ಪರ. ಈ ಸಲ ಒಂದು ಬಳ್ಳೀಲಿ, ಅದೂ ಒಂದೇ ಒಂದು ಕೊಂಬೇಲಿ, ಬಂದಿರೋ ಗೊಂಚಲೆಲ್ಲ ತಿಳಿಗೆಂಪು. ಪಕ್ಕದ ಕೊಂಬೆ ಮಾಮೂಲಿ ಹಸಿರು. ತಿಂದು ನೋಡ್ದೆ, ರುಚಿ ಒಂದೇ ಐತೆ. ಔಷಧಿ ಅಂಗಡಿಯವ್ರು ವೈರಸ್ಸು ಕಿತ್ತಾಕು ಅಂತಾರೆ, ನಮ್ಮಪ್ಪ ಎಲ್ಲಾನೂ ಊರ್ ಪಕ್ಕದ ಮೊಬೈಲ್ ಟವರ್ ಮೇಲೆ ಹಾಕ್ತಾರೆ, ಪಿಯುಸಿ ಓದ್ತಿರೋ ತಂಗಿ ಇದು ಮ್ಯುಟೇಶನ್ ಕಣಣ್ಣ ಅಂತಾಳೆ. ಮ್ಯುಟೇಶನ್ ಅಂದ್ರೆ ಕ್ಯಾನ್ಸರ್ ಥರಾನೇ ಅಲ್ವಾ? ಹಂಗಾದ್ರೆ ಈ ಹಣ್ಣು ಮಾರಬಹುದಾ?

ಕೋಲಾರ್ ಟೊಮ್ಯಾಟೊ
ಫೋಟೋ ಹಾಕು ಗುರು, ಬರೀ ಬಾಯ್ಮಾತಲ್ಲಿ ಕೆಂಪು ಅಂದ್ರೆ ಏನ್ ಗೊತ್ತಾಗುತ್ತೆ

ಮಾಲೂರು ನರ್ಸರಿ
ಮೊದ್ಲು ಒಂದು ಹೇಳಿ, ಆ ಕೊಂಬೆ ಎಲ್ಲಿಂದ ಹೊರಟಿರೋದು? ಕಸಿ ಕಟ್ಟಿರೋ ಜಾಗಕ್ಕಿಂತ ಕೆಳಗಿಂದ ಬಂದಿದ್ರೆ ಅದು ಕಸಿಗೆ ಬೇರಾಗಿ ಬಳಸೋ ಡಾಗ್‌ರಿಡ್ಜ್ ಗಿಡದ ಚಿಗುರು, ದಿಲ್‌ಖುಷ್ಷೇ ಅಲ್ಲ, ಎಲೆ ನೋಡಿದ್ರೇ ಗೊತ್ತಾಗುತ್ತೆ. ವೈರಸ್ ಆಗಿದ್ರೆ ಎಲೆ ಅಂಚು ಕೆಳಕ್ಕೆ ಸುತ್ಕೊಂಡಿರ್ಬೇಕು, ಹಣ್ಣೂ ಸರಿಯಾಗಿ ಮಾಗಲ್ಲ. ಎಲೆ ಹೆಂಗಿದೆ?

ಚಪ್ಪರದ ಹುಡ್ಗ
ಇಲ್ಲ ಸಾರ್, ಕೊಂಬೆ ಮೇಲ್ಗಡೆ ತಂತಿ ಮೇಲೇ ಹೊರಟಿರೋದು. ಎಲೆ ಪಕ್ಕದ ಕೊಂಬೆ ಥರಾನೇ ಹಸ್ರಾಗಿ ಐತೆ. ಹಣ್ಣೂ ಸರಿಯಾಗೇ ಮಾಗಿದೆ.

ಬಯಾಲಜಿ ಮೇಡಂ (ತುಮಕೂರು)
ನಿಮ್ಮ ತಂಗಿ ಹೇಳಿದ್ದೇ ಸರಿ ಕಾಣುತ್ತೆ, ಅವಳಿಗೆ ಒಂದು ಐಸ್‌ಕ್ರೀಮ್ ಕೊಡ್ಸಿ 😀

ಬಳ್ಳಿ ಬೆಳೆಯೋದು ಅಂದ್ರೆ ಚಿಗುರಿನ ತುದೀಲಿರೋ ಜೀವಕೋಶಗಳು ಒಂದು ಎರಡಾಗಿ ಎರಡು ನಾಲ್ಕಾಗಿ ಒಡೀತಾ ಹೋಗೋದು. ಪ್ರತಿ ಸಲ ಒಡೆಯೋಕೆ ಮುಂಚೆ ಒಳಗಿರೋ ಡಿಎನ್‌ಎ ಪೂರ್ತಿ ನಕಲಾಗ್ಬೇಕು. ಅದು ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರದಲ್ಲಿ ಬರೆದಿರೋದು. ದ್ರಾಕ್ಷಿಯಲ್ಲಿ ಒಂದು ಪ್ರತಿ ಸುಮಾರು 50 ಕೋಟಿ ಅಕ್ಷರ, ಅಂಥ ಎರಡು ಪ್ರತಿ 19 ಜೊತೆ ಕ್ರೋಮೋಸೋಮಲ್ಲಿ ಹಂಚಿರುತ್ತೆ. ಅಷ್ಟನ್ನ ನಕಲು ಮಾಡುವಾಗ ಎಲ್ಲೋ ಒಂದು ಕಡೆ ಅಕ್ಷರ ಬದಲಾಗುತ್ತೆ, ಇಲ್ಲಾ ಒಂದು ತುಂಡು ಬಿಟ್ಟೋಗುತ್ತೆ, ಅದೇ ಮ್ಯುಟೇಶನ್. ಹಂಗೆ ಬದಲಾದ ಒಂದು ಜೀವಕೋಶದಿಂದ ಯಾವ ಕಣ್ಣು ಒಡೀತೋ ಆ ಕೊಂಬೆ ಪೂರ್ತಿ ಬದಲು, ಪಕ್ಕದ ಕೊಂಬೆಗೆ ಅದರ ಗಂಧಗಾಳಿನೂ ಇರಲ್ಲ.

ಹಸಿರು ದ್ರಾಕ್ಷಿಯ ಕಥೆ ಇನ್ನೂ ಮಜವಾಗಿದೆ. ಹಸಿರು ತಳಿಗಳಲ್ಲಿ ಬಣ್ಣ ತಯಾರು ಮಾಡ್ಸೋ ಜೀನಿನ (ಜೀನು ಅಂದ್ರೆ ಒಂದು ಪ್ರೋಟೀನ್ ಮಾಡೋ ಸೂಚನೆ ಬರೆದಿರೋ ಡಿಎನ್‌ಎ ಭಾಗ) ಬಾಗಿಲಲ್ಲೇ, ಜಾಗ ಬದಲಾಯಿಸೋ ಒಂದು ಡಿಎನ್‌ಎ ತುಂಡು ಬಂದು ಕೂತಿದೆ, ಅದಕ್ಕೇ ಆ ಜೀನು ಕೆಲಸ ಮಾಡಲ್ಲ. ಅಂದ್ರೆ ಹಸಿರೇ ಮ್ಯುಟೇಶನ್ನು, ಕಪ್ಪೇ ಮೂಲ! ಯಾವತ್ತೋ ಒಂದಿನ ಆ ತುಂಡಿನ ಬಹುಪಾಲು ಎದ್ದೋದ್ರೆ ಬಣ್ಣ ವಾಪಸ್ ಬರುತ್ತೆ. ಇಟಾಲಿಯಾ ಅನ್ನೋ ಹಸಿರು ತಳೀಲಿ ಬ್ರೆಜಿಲ್‌ನಲ್ಲಿ ಹಿಂಗೇ ಆಗಿ ರೂಬಿ ಒಕುಯಾಮ ಅಂತ ಕೆಂಪು ತಳಿ ಹುಟ್ತು. ನಿಮ್ಮ ಬಳ್ಳೀಲೂ ಅದೇ ಆಗಿದೆಯಾ ಅಂತ ಲ್ಯಾಬ್ ನೋಡಿ ಹೇಳ್ಬೇಕು, ಲಕ್ಷಣ ಅಂತೂ ಹಂಗೇ ಇದೆ. ದಿಲ್‌ಖುಷ್ ಅನ್ನೋದೇ ಅನಾಬ್-ಎ-ಶಾಹಿ ತಳೀಲಿ ಬೇರೆ ಥರ ಕಂಡ ಬಳ್ಳೀನ ಆರಿಸ್ಕೊಂಡು ಬೆಳೆಸಿದ್ದು. ಹಣ್ಣು ಧಾರಾಳವಾಗಿ ತಿನ್ನಿ, ಮಾರಿ.

ಕೋಲಾರ್ ಟೊಮ್ಯಾಟೊ
ಹಂಗಾದ್ರೆ ನಾವ್ ಇಷ್ಟ್ ವರ್ಷ ತಿಂತಿರೋದೆಲ್ಲ ಮ್ಯುಟೇಶನ್ ದ್ರಾಕ್ಷಿನಾ 😳

ಮಾಲೂರು ನರ್ಸರಿ
ದ್ರಾಕ್ಷಿ ಏನು, ಬೀಜ ಇಲ್ಲದ್ದು, ಗಿಡ್ಡ ತಳಿ, ಎಷ್ಟೋ ತರಕಾರಿ ಹಣ್ಣು ಎಲ್ಲ ಅದೇ.

ಶಿಡ್ಲಘಟ್ಟ ಗೂಡು
ರೇಷ್ಮೆ ಹುಳದಲ್ಲೂ ಅದೇ ಕಥೆ. ಹಳದಿ ಗೂಡಿನ ತಳಿಗಳಲ್ಲಿ ಹಿಪ್ಪುನೇರಳೆ ಎಲೇಲಿರೋ ಹಳದಿ ಬಣ್ಣನ ಹುಳದ ಹೊಟ್ಟೆಯಿಂದ ರೇಷ್ಮೆ ಗ್ರಂಥಿಗೆ ಸಾಗ್ಸೋ ಒಂದು ಪ್ರೋಟೀನ್ ಇರುತ್ತಂತೆ, ಆ ಜೀನು ಕೆಟ್ಟಿರೋ ಹುಳದಲ್ಲಿ ಬಣ್ಣ ಗೂಡಿನ ತನಕ ಬರೋದೇ ಇಲ್ಲ. ಹುಳ ಆರೋಗ್ಯವಾಗೇ ಇರುತ್ತೆ, ಟೈಮಿಗೆ ಸರಿಯಾಗಿ ಹಣ್ಣಾಗುತ್ತೆ, ಚಂದ್ರಿಕೆಗೆ (ಹುಳ ಗೂಡು ಕಟ್ಟೋ ತಟ್ಟೆ) ಬಿಟ್ರೆ ಗೂಡೂ ಕಟ್ಟುತ್ತೆ. ತರಬೇತೀಲಿ ಇದನ್ನ ಕೇಳಿದ ಮೇಲೆ ಮ್ಯುಟೇಶನ್ ಅಂದ್ರೆ ಭಯ ಬೀಳೋದು ಬಿಟ್ಟೆ.

ಗುಬ್ಬಿ ತೋಟ
ಮೇಡಂ ಟವರ್ ವಿಷ್ಯಕ್ಕೆ ಉತ್ತರಾನೇ ಕೊಡ್ಲಿಲ್ಲ. ನಮ್ಮೂರಲ್ಲಿ ಟವರ್ ಬಂದ ಮೇಲೆ ತೆಂಗಿನ ಹರಳು ಉದುರೋದು ಜಾಸ್ತಿ ಆಗೈತೆ, ಎಲ್ರೂ ಹೇಳ್ತಾರೆ

ಬಯಾಲಜಿ ಮೇಡಂ (ತುಮಕೂರು)
ಡಿಎನ್‌ಎ ಕೆಡಿಸೋಕೆ ಬೇಕಾದಷ್ಟು ಶಕ್ತಿ ಮೊಬೈಲ್ ತರಂಗಕ್ಕೆ ಇಲ್ಲ. ಎಕ್ಸ್‌ರೇ, ಗಾಮಾ ಕಿರಣ, ಬಿಸಿಲಲ್ಲಿರೋ ಅಲ್ಟ್ರಾವಯೊಲೆಟ್, ಇವಕ್ಕೆ ಉಂಟು. ಮಧ್ಯಾಹ್ನದ ಬಿಸಿಲು ಚರ್ಮದ ಜೀವಕೋಶದಲ್ಲಿ ಅಕ್ಕಪಕ್ಕದ ಎರಡು ಅಕ್ಷರನ ಒಂದಕ್ಕೊಂದು ಅಂಟಿಸಿಬಿಡುತ್ತೆ. ಟವರ್‌ಗಿಂತ ಬಿಸಿಲಿಗೆ ಹೆದರೋದು ವಾಸಿ.

ಗುಬ್ಬಿ ತೋಟ
ವಿಶ್ವ ಆರೋಗ್ಯ ಸಂಸ್ಥೆಯವ್ರೇ 2011ರಲ್ಲಿ ಮೊಬೈಲ್ ತರಂಗನ ಕ್ಯಾನ್ಸರ್ ಲಿಸ್ಟಿಗೆ ಸೇರ್ಸವ್ರಲ್ಲ ಮೇಡಂ

ಲ್ಯಾಬ್ ಅಕ್ಕ (ಗೌರಿಬಿದನೂರು)
ಸೇರಿಸಿದ್ದು "ಇರಬಹುದು" ಅನ್ನೋ ಸಾಲಿಗೆ ಅಣ್ಣ, ಪುರಾವೆ ಅರೆಬರೆ ಇದ್ದಾಗ ಹಾಕೋ ಸಾಲು ಅದು. "ಖಂಡಿತ" ಅನ್ನೋ ಸಾಲಲ್ಲಿ 2004ರಿಂದ ಏನಿದೆ ಗೊತ್ತಾ? ಅಡಿಕೆ. ನಿಮ್ಮ ಗುಬ್ಬೀದೇ 😅

ಗುಬ್ಬಿ ತೋಟ
ಬಂತು ನೋಡಿ ಅಡಿಕೆ ಮೇಲೆ. ನಮ್ಮಜ್ಜಿ ತೊಂಬತ್ತು ದಾಟೋವರ್ಗೂ ದಿನಾ ಎಲೆಅಡಿಕೆ ಹಾಕ್ಕೊಂಡು ಕೂತಿದ್ಲು, ಏನೂ ಆಗ್ಲಿಲ್ಲ. ಕ್ಯಾನ್ಸರ್ ಬರೋದು ತಂಬಾಕಿಂದ, ಗುಟ್ಕಾದಿಂದ. ರೈತನ ಹೊಟ್ಟೆ ಮೇಲೆ ಹೊಡೀಬೇಡಿ.

ಲ್ಯಾಬ್ ಅಕ್ಕ (ಗೌರಿಬಿದನೂರು)
ತಂಬಾಕು ಸೇರ್ಸಿದ್ರೆ ಇನ್ನೂ ಕೆಟ್ಟದ್ದು, ಒಪ್ತೀನಿ. ಆದ್ರೆ ತಂಬಾಕು ಇಲ್ಲದ ಎಲೆಅಡಿಕೇನೂ ಅದೇ ಸಾಲಲ್ಲಿದೆ, ಬರೀ ಅಡಿಕೇನೂ ಇದೆ. ಬಾಯಿ ಒಳಗಿನ ಚರ್ಮ ಗಟ್ಟಿ ಆಗ್ತಾ ಆಗ್ತಾ ಬಾಯೇ ಬಿಡೋಕಾಗ್ದೆ ಬರ್ತಾರೆ, ಎರಡು ಬೆರಳು ಇಡೋಕೂ ಜಾಗ ಇರಲ್ಲ, ಇಪ್ಪತ್ತೈದು ವರ್ಷದ ಹುಡುಗ್ರು. ಅಂಥವ್ರಲ್ಲಿ ಒಂದಷ್ಟು ಜನಕ್ಕೆ ಮುಂದೆ ಅದೇ ಕ್ಯಾನ್ಸರ್ ಆಗುತ್ತೆ. ನಿಮ್ಮಜ್ಜಿಗೆ ಆಗ್ಲಿಲ್ಲ, ಸಂತೋಷ. ಎಲ್ರಿಗೂ ಆಗೇ ಆಗುತ್ತೆ ಅಂತ ಯಾರ್ ಹೇಳಿದ್ರು?

ಗುಬ್ಬಿ ತೋಟ
ಸರಿ ಬಿಡಿ, ದರ ಬಿದ್ದಾಗ ಯಾರೂ ಬರಲ್ಲ, ಬೈಯೋಕೆ ಮಾತ್ರ ಎಲ್ರೂ ಬರ್ತೀರ

ಸೆಕೆಂಡ್ ಪಿಯುಸಿ
ಅಜ್ಜಿಗೆ ಯಾಕ್ ಬರ್ಲಿಲ್ಲ ಅದನ್ನ ಹೇಳಿ ಯಾರಾದ್ರೂ. ಮ್ಯುಟೇಶನ್ ಆಗಿದ್ರೆ ಕ್ಯಾನ್ಸರ್ ಬರ್ಬೇಕು ತಾನೇ? ನಮ್ ಲೆಕ್ಚರರ್ ಬರೀ ಡೆಫಿನಿಷನ್ ಬರೆಸಿ ಮುಗಿಸಿದ್ರು, ಜೀವಕೋಶ ಒಡೆಯೋ ಹಂತಗಳನ್ನ ಜಿ ಒನ್ ಎಸ್ ಜಿ ಟೂ ಎಮ್ ಅಂತ ಬಾಯಿಪಾಠ ಹೊಡ್ದಿದೀನಿ ಅಷ್ಟೇ

ಬಯಾಲಜಿ ಮೇಡಂ (ತುಮಕೂರು)
ಒಳ್ಳೆ ಪ್ರಶ್ನೆ ಪುಟ್ಟ. ನಮ್ಮ ಒಂದು ಜೀವಕೋಶದಲ್ಲಿ ಅಪ್ಪಂದು 300 ಕೋಟಿ ಅಮ್ಮಂದು 300 ಕೋಟಿ ಅಕ್ಷರ. ನಕಲು ಮಾಡೋ ಕಿಣ್ವ ಮೊದಲ ಸಲ ಬರೆಯುವಾಗ ಸುಮಾರು ಲಕ್ಷಕ್ಕೊಂದು ತಪ್ಪು ಮಾಡುತ್ತೆ. ಆದ್ರೆ ಅದೇ ಕಿಣ್ವ ಹಿಂದೆ ತಿರುಗಿ ನೋಡಿ ಅಳಿಸಿ ಬರೆಯುತ್ತೆ, ಅದ್ರ ಹಿಂದೆ ಇನ್ನೊಂದು ತಂಡ ಬಂದು ಉಳಿದಿದ್ದನ್ನ ಹಿಡಿಯುತ್ತೆ, ಕೊನೆಗೆ ಸುಮಾರು 100 ಕೋಟಿಗೆ ಒಂದು ತಪ್ಪು ಉಳಿಯುತ್ತೆ. ಈ ರಿಪೇರಿ ಹೆಂಗೆ ನಡೆಯುತ್ತೆ ಅಂತ ಕಂಡುಹಿಡಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಮೂವರಿಗೂ 2015ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು.

ಆ ಉಳಿದ ತಪ್ಪುಗಳೂ ಬಹುಪಾಲು ಪ್ರೋಟೀನ್ ಬರೆಯದ ಜಾಗದಲ್ಲಿ ಬೀಳ್ತಾವೆ, ಏನೂ ಆಗಲ್ಲ. ಜೀನಲ್ಲೇ ಬಿದ್ರೂ ಕೆಲವು ಸಲ ಅದೇ ಅಮೈನೋ ಆಮ್ಲ ಬರುತ್ತೆ. ಆದ್ರೆ ಕೆಲವು ಜಾಗದಲ್ಲಿ ಒಂದೇ ಅಕ್ಷರ ಸಾಕು: ಹಿಮೋಗ್ಲೋಬಿನ್ ಜೀನಲ್ಲಿ ಜಿಎಜಿ ಇದ್ದಿದ್ದು ಜಿಟಿಜಿ ಆದ್ರೆ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬಂದು ಕೂರುತ್ತೆ. ಅಪ್ಪ ಅಮ್ಮ ಇಬ್ರಿಂದಲೂ ಅದೇ ಬಂದ್ರೆ ಆಕ್ಸಿಜನ್ ಕಮ್ಮಿ ಆದಾಗ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಸಿಕಲ್ ಸೆಲ್ ಅಂತಾರಲ್ಲ, ಅದು. ಇಲ್ಲಿ ಜೀವಕೋಶದ ಕೆಲಸ ಕೆಟ್ಟಿದ್ದು, ವಿಭಜನೆ ಅಲ್ಲ. ಕ್ಯಾನ್ಸರ್‌ನಲ್ಲಿ ಕೆಡೋದು ವಿಭಜನೆ.

ಲ್ಯಾಬ್ ಅಕ್ಕ (ಗೌರಿಬಿದನೂರು)
ಮುಂದಿನದು ನಾನು ಹೇಳ್ತೀನಿ. ರಾಸ್ ಅಂತ ಒಂದು ಪ್ರೋಟೀನ್ ಇದೆ, ಹೊರಗಿಂದ ಸಂದೇಶ ಬಂದಾಗ ಮಾತ್ರ ಜೀವಕೋಶಕ್ಕೆ ಒಡಿ ಅಂತ ಹೇಳಿ ಆಮೇಲೆ ತಾನೇ ಆಫ್ ಆಗ್ಬೇಕು. ಬೋರ್‌ವೆಲ್ಲಿನ ಆಟೋ ಸ್ಟಾರ್ಟರ್ ಇದ್ದಂಗೆ. ಅದರ 12ನೇ ಅಮೈನೋ ಆಮ್ಲ ಬದಲಾದ್ರೆ ಆಫ್ ಆಗೋದೇ ಇಲ್ಲ, ಮೋಟ್ರು ಓಡ್ತಾನೇ ಇರುತ್ತೆ.

ಇನ್ನೊಂದು ಕಡೆ ಪಿ53 ಅನ್ನೋ ಪ್ರೋಟೀನ್. 1979ರಲ್ಲಿ ಸಿಕ್ಕಿದ್ದು. ಡಿಎನ್‌ಎ ಕೆಟ್ಟಿದ್ರೆ ವಿಭಜನೆ ನಿಲ್ಲಿಸಿ ರಿಪೇರಿಗೆ ಟೈಮ್ ಕೊಡೋದು, ರಿಪೇರಿ ಆಗ್ದಿದ್ರೆ ಆ ಜೀವಕೋಶನ ಸಾಯಿಸೋದು ಅದರ ಕೆಲಸ. ಮನುಷ್ಯನ ಕ್ಯಾನ್ಸರ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಇದರ ಜೀನೇ ಕೆಟ್ಟಿರುತ್ತೆ. ಆದ್ರೂ ಒಂದು ಕೆಟ್ಟ ತಕ್ಷಣ ಗೆಡ್ಡೆ ಆಗಲ್ಲ. ಒಂದೇ ಜೀವಕೋಶದ ಸಂತಾನದಲ್ಲಿ ಒಂದಾದ ಮೇಲೆ ಒಂದು ಹಲವು ಕೆಡ್ಬೇಕು, ಅದಕ್ಕೆ ವರ್ಷಗಟ್ಲೆ ಬೇಕು. ಹೆಚ್ಚಿನ ಕ್ಯಾನ್ಸರ್ ವಯಸ್ಸಾದ ಮೇಲೆ ಕಾಣಿಸ್ಕೊಳ್ಳೋದು ಅದಕ್ಕೇ. ಅಜ್ಜಿ ಬಾಯಲ್ಲೂ ಮ್ಯುಟೇಶನ್ ಆಗಿರುತ್ತೆ, ಸರಿಯಾದ ಜಾಗಕ್ಕೆ ಸಾಲಾಗಿ ಬಿದ್ದಿರಲ್ಲ. ಅದೃಷ್ಟ ಅನ್ನಿ.

ಬಂಗಾರಪೇಟೆ ಪಾನಿಪುರಿ
ಸ್ಟಾರ್ಟರ್ ಓಡ್ತಾನೇ ಇರ್ಬೇಕಂದ್ರೆ ಮೊದ್ಲು ಕರೆಂಟ್ ಇರ್ಬೇಕಲ್ಲ ಅಕ್ಕ, ನಮ್ ಕಡೆ ಕ್ಯಾನ್ಸರ್ರೇ ಬರಲ್ಲ ಹಂಗಾದ್ರೆ 😂

ಪಾವಗಡದವ್ನು
ನಮ್ ಕಡೆ ನೀರಲ್ಲಿ ಫ್ಲೋರೈಡು. ಹಲ್ಲು ಹಳದಿ, ಐವತ್ತಕ್ಕೇ ಸೊಂಟ ಬಗ್ಗೋಗುತ್ತೆ, ಅಪ್ಪಂಗೂ ಮಗಂಗೂ. ಇದು ಮ್ಯುಟೇಶನ್ನಾ?

ಬಯಾಲಜಿ ಮೇಡಂ (ತುಮಕೂರು)
ಅಲ್ಲ. ಅಪ್ಪ ಮಗ ಇಬ್ರೂ ಒಂದೇ ಬೋರ್ ನೀರು ಕುಡ್ದಿದಾರೆ ಅಷ್ಟೇ. ಫ್ಲೋರೈಡ್ ಹಲ್ಲು ಮೂಳೇಲಿ ಸೇರ್ಕೊಳ್ಳುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿರೋ ನೀರು ಮಕ್ಕಳಿಗೆ ಕೊಡ್ಬೇಡಿ. ಚಿಕ್ಕಂದಿನಿಂದ ಒಳ್ಳೆ ನೀರು ಕುಡಿಸಿದ್ರೆ ಮೊಮ್ಮಕ್ಕಳ ಹಲ್ಲು ಬೆಳ್ಳಗೇ ಬರುತ್ತೆ.

ಪಾವಗಡದವ್ನು
ಥ್ಯಾಂಕ್ಸ್ ಮೇಡಂ. ಇಷ್ಟ್ ದಿನ ವಂಶದ್ದು ಅನ್ಕೊಂಡಿದ್ವಿ

ಲ್ಯಾಬ್ ಅಕ್ಕ (ಗೌರಿಬಿದನೂರು)
ಪಾವಗಡ ಅಂದ್ರೆ ಕಡ್ಲೆಕಾಯಿ ನೆನಪಾಯ್ತು. ಬೂಸ್ಟು ಹಿಡಿದ ಕಡ್ಲೆಕಾಯಿ ಮಾತ್ರ ಯಾರೂ ತಿನ್ಬೇಡಿ, ದನಕ್ಕೂ ಹಾಕ್ಬೇಡಿ. ಆಸ್ಪರ್ಜಿಲಸ್ ಅನ್ನೋ ಶಿಲೀಂಧ್ರ ಅಫ್ಲಾಟಾಕ್ಸಿನ್ ಅಂತ ವಿಷ ಮಾಡುತ್ತೆ. 1960ರಲ್ಲಿ ಇಂಗ್ಲೆಂಡಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತು, ಕಾರಣ ಹುಡುಕಿದ್ರೆ ಬ್ರೆಜಿಲ್‌ನಿಂದ ಬಂದ ಕಡ್ಲೆಕಾಯಿ ಹಿಂಡಿ. ನಮ್ಮ ಲಿವರ್ ಇದನ್ನ ಕರಗಿಸೋಕೆ ಹೋಗಿ ಇನ್ನೂ ಅಪಾಯದ ರೂಪಕ್ಕೆ ತಿರುಗಿಸುತ್ತೆ, ಅದು ಡಿಎನ್‌ಎಯ ಜಿ ಅಕ್ಷರಕ್ಕೆ ಅಂಟ್ಕೊಂಡು ಮುಂದಿನ ನಕಲಲ್ಲಿ ಅಲ್ಲಿ ಟಿ ಬರೋ ಹಂಗೆ ಮಾಡುತ್ತೆ. ಮೇಲೆ ಹೇಳಿದ ಪಿ53 ಜೀನಲ್ಲೇ, 249ನೇ ಜಾಗದಲ್ಲಿ ಹಿಂಗೆ ಆಗಿರೋದು ಚೀನಾ ಮತ್ತು ದಕ್ಷಿಣ ಆಫ್ರಿಕಾ ಭಾಗದ ಲಿವರ್ ಕ್ಯಾನ್ಸರ್ ರೋಗಿಗಳಲ್ಲಿ 1991ರಲ್ಲಿ ಕಂಡುಬಂತು. ಜೊತೆಗೆ ಹೆಪಟೈಟಿಸ್ ಬಿ ಅನ್ನೋ ಲಿವರ್ ಸೋಂಕು ಇದ್ರಂತೂ ಅಪಾಯ ಹಲವು ಪಟ್ಟು.

ಪಾವಗಡದವ್ನು
ಬೇಯ್ಸಿದ್ರೆ ಹೋಗಲ್ವಾ ಅಕ್ಕ

ಲ್ಯಾಬ್ ಅಕ್ಕ (ಗೌರಿಬಿದನೂರು)
ಬೇಯಿಸೋ ಬಿಸಿಗೆ ಶಿಲೀಂಧ್ರ ಸಾಯುತ್ತೆ, ವಿಷ ಉಳಿಯುತ್ತೆ. ಕಿತ್ತ ಮೇಲೆ ಚೆನ್ನಾಗಿ ಒಣಗ್ಸಿ ಮೂಟೆ ಕಟ್ಟೋದೊಂದೇ ದಾರಿ. ಮಳೆಗೆ ಸಿಕ್ಕಿ ಕಪ್ಪಾಗಿರೋದನ್ನ ಆರ್ಸಿ ಎಸೀರಿ, ನಾಲ್ಕು ಕಾಸು ಹೋದ್ರೆ ಹೋಗ್ಲಿ.

ಮಾಲೂರು ನರ್ಸರಿ
ಕಡ್ಲೆಕಾಯಿ ಅಂದ್ರಲ್ಲ, ಟಿಎಜಿ-24 ತಳಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ್ದು. ಬೀಜಕ್ಕೆ ಕಿರಣ ಹಾಯ್ಸಿ ಬೇಕಂತಲೇ ಮ್ಯುಟೇಶನ್ ಮಾಡ್ಸಿ, ಸಾವಿರಾರು ಗಿಡದಲ್ಲಿ ಒಳ್ಳೇದು ಆರಿಸಿ, ಅಂಥ ಗಿಡಗಳನ್ನೇ ಕ್ರಾಸ್ ಮಾಡಿ ತೆಗ್ದಿದ್ದು. ಅಣುಬಾಂಬ್ ಮಾಡೋರೇ ಕಡ್ಲೆಕಾಯೀನೂ ಮಾಡ್ತಾರೆ ಅಂದ್ರೆ ನಮ್ ರೈತ್ರು ನಂಬಲ್ಲ.

ಕೋಲಾರ್ ಟೊಮ್ಯಾಟೊ
ಗಿಡಕ್ಕೂ ಹಿಂಗೆಲ್ಲ ಮ್ಯುಟೇಶನ್ ಆಗೋದಾದ್ರೆ ಗಿಡಕ್ಕೆ ಯಾಕ್ ಕ್ಯಾನ್ಸರ್ ಬರಲ್ಲ?

ಬಯಾಲಜಿ ಮೇಡಂ (ತುಮಕೂರು)
ಗಂಟು ಬರುತ್ತೆ, ಹರಡಲ್ಲ. ಗಿಡದ ಜೀವಕೋಶಕ್ಕೆ ಸುತ್ತಲೂ ಗಟ್ಟಿ ಗೋಡೆ, ಜಾಗ ಬಿಟ್ಟು ಹೋಗೋಕಾಗಲ್ಲ. ದ್ರಾಕ್ಷಿ ಬುಡದಲ್ಲೇ ನೋಡಿರ್ತೀರ, ಒರಟು ಗಂಟು. ಅದು ಒಂದು ಬ್ಯಾಕ್ಟೀರಿಯಾದ ಕೆಲಸ. ತನ್ನ ಡಿಎನ್‌ಎ ತುಂಡನ್ನೇ ಬಳ್ಳಿಯ ಡಿಎನ್‌ಎಗೆ ಸೇರಿಸಿ ಹಾರ್ಮೋನ್ ಜಾಸ್ತಿ ಮಾಡ್ಸುತ್ತೆ, ಜೀವಕೋಶ ಒಡೀತಾನೇ ಇರುತ್ತೆ.

ಚಿಂತಾಮಣಿ ಅಕ್ಕ
ಇಷ್ಟೊತ್ತು ಸುಮ್ನೆ ಓದ್ತಿದ್ದೆ, ಈಗ ನನ್ನ ವಿಷಯ ಕೇಳ್ತೀನಿ. ನಮ್ಮ ದೊಡ್ಡಮ್ಮಂಗೆ ಹೋದ ವರ್ಷ ಬ್ರೆಸ್ಟ್ ಕ್ಯಾನ್ಸರ್ ಆಯ್ತು, ಈಗ ವಾಸಿ. ಜೀನ್ ಟೆಸ್ಟ್ ಮಾಡಿಸಿದ್ರು. ರಿಪೋರ್ಟಲ್ಲಿ ಬಿಆರ್‌ಸಿಎ-2 ಅನ್ನೋ ಜೀನಲ್ಲಿ ಬದಲಾವಣೆ ಇದೆ, ಅರ್ಥ ಖಚಿತ ಇಲ್ಲ ಅಂತ ಬರ್ದಿದೆ. ಅದನ್ನ ಕೊಟ್ಟೋರು ಎರಡು ನಿಮಿಷ ಕೂತು ವಿವರಿಸ್ಲಿಲ್ಲ, ಮುಂದಿನ ಟೋಕನ್ ಕರೆದ್ರು. ಮನೇಲಿ ದೊಡ್ಡಮ್ಮನ ಸೊಸೆ ಆಗ್ಲೇ ತನ್ನ ಗಂಡಂಗೆ ಹೇಳ್ತವ್ಳಂತೆ, ನಿಮ್ ವಂಶಾನೇ ಹಿಂಗೆ ಅಂತ.

ಲ್ಯಾಬ್ ಅಕ್ಕ (ಗೌರಿಬಿದನೂರು)
ಅಕ್ಕ, ಖಚಿತ ಇಲ್ಲ ಅಂದ್ರೆ ಅಕ್ಷರ ಬದಲಾಗಿದೆ, ಅದರಿಂದ ಪ್ರೋಟೀನ್ ಕೆಲಸ ಕೆಟ್ಟಿದೆಯಾ ಇಲ್ವಾ ಅನ್ನೋಕೆ ಇನ್ನೂ ಸಾಕಷ್ಟು ಮಾಹಿತಿ ಸಿಕ್ಕಿಲ್ಲ ಅಂತ. ಅಂಥ ರಿಪೋರ್ಟ್ ಇಟ್ಕೊಂಡು ಯಾರೂ ಆಪರೇಷನ್ನಿಗೆ ಓಡ್ಬಾರ್ದು. ಎಷ್ಟೋ ಸಲ ಇಂಥವು ಮುಂದೆ ನಿರಪಾಯದ ಪಟ್ಟಿಗೇ ಹೋಗ್ತವೆ. ಒಂದೆರಡು ವರ್ಷ ಬಿಟ್ಟು ಮತ್ತೆ ಕೇಳಿ. ಕುಟುಂಬದಲ್ಲಿ ಬೇರೆ ಯಾರಿಗೆ, ಎಷ್ಟು ವಯಸ್ಸಲ್ಲಿ ಬಂದಿತ್ತು ಅಂತ ಬರ್ಕೊಂಡು ಹೋಗಿ, ಕಿದ್ವಾಯಿ ಥರದ ದೊಡ್ಡ ಆಸ್ಪತ್ರೇಲಿ ಜೆನೆಟಿಕ್ ಕೌನ್ಸೆಲಿಂಗ್ ಸಿಗುತ್ತಾ ವಿಚಾರಿಸಿ.

ಆ ಜೀನು ಎಲ್ರಿಗೂ ಇರುತ್ತೆ, ಎರಡೆಳೆಯೂ ಮುರಿದ ಡಿಎನ್‌ಎ ಜೋಡ್ಸೋ ಕೆಲಸ ಅದರದ್ದು. ನಿಜವಾಗ್ಲೂ ಕೆಟ್ಟ ಮ್ಯುಟೇಶನ್ ಇದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಗಂಡುಮಕ್ಕಳಿಗೂ ಬರುತ್ತೆ, ಅವರಿಂದ ಅವರ ಹೆಣ್ಣುಮಕ್ಕಳಿಗೂ. ಹಂಗಂತ ಎಲ್ಲ ಬ್ರೆಸ್ಟ್ ಕ್ಯಾನ್ಸರ್ರೂ ವಂಶದ್ದಲ್ಲ, ಬಹುಪಾಲು ಆ ಒಬ್ಬರ ಮೈಯಲ್ಲೇ ಹುಟ್ಟಿ ಅಲ್ಲಿಗೇ ಮುಗಿಯೋ ಮ್ಯುಟೇಶನ್. ಸೊಸೆಗೆ ಇದನ್ನೇ ತೋರಿಸಿ.

ಸೆಕೆಂಡ್ ಪಿಯುಸಿ
ಹುಟ್ಟುವಾಗಲೇ ಒಂದು ಕೆಟ್ಟು ಬಂದಿದ್ರೆ ಇನ್ನೊಂದು ಕೆಡೋಕೆ ಕಾಯ್ಬೇಕಾ?

ಬಯಾಲಜಿ ಮೇಡಂ (ತುಮಕೂರು)
ಹೂಂ, ನುಡ್‌ಸನ್ ಅನ್ನೋರು 1971ರಲ್ಲಿ ಹೇಳಿದ್ದು ಅದೇ. ರೆಟಿನೋಬ್ಲಾಸ್ಟೋಮ ಅಂತ ಮಕ್ಕಳ ಕಣ್ಣಿನ ಕ್ಯಾನ್ಸರ್ ಲೆಕ್ಕ ಹಾಕಿ, ಜೀನಿನ ಎರಡೂ ಪ್ರತಿ ಕೆಡ್ಬೇಕು, ಒಂದು ಕೆಟ್ಟೇ ಹುಟ್ಟಿದ ಮಗೂಗೆ ಬೇಗ, ಎರಡೂ ಕಣ್ಣಿಗೆ ಬರೋದು ಅದಕ್ಕೇ ಅಂದ್ರು. ಮಗು ಫೋಟೋ ಫ್ಲ್ಯಾಶಲ್ಲಿ ತೆಗೆದಾಗ ಪಾಪೆ ಬೆಳ್ಳಗೆ ಹೊಳೆದ್ರೆ ತಡ ಮಾಡ್ದೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಬೇಗ ಸಿಕ್ರೆ ಚೆನ್ನಾಗಿ ವಾಸಿ ಆಗುತ್ತೆ.

ಬಂಗಾರಪೇಟೆ ಪಾನಿಪುರಿ
ತಮಾಷೆ ಬಿಟ್ಟು ಹೇಳ್ತೀನಿ, ನಮ್ ಚಿಕ್ಕಪ್ಪಂಗೆ ಸಿಎಮ್‌ಎಲ್ ಅಂತ ರಕ್ತದ ಕ್ಯಾನ್ಸರು. 9 ಮತ್ತು 22ನೇ ಕ್ರೋಮೋಸೋಮು ತುಂಡಾಗಿ ಅದಲು ಬದಲು ಅಂಟ್ಕೊಂಡವೆ ಅಂದ್ರು. ದಿನಾ ಇಮಾಟಿನಿಬ್ ಮಾತ್ರೆ, ಅಷ್ಟೇ. ಟೊಮ್ಯಾಟೊ ಮಂಡೀಲಿ ಕ್ರೇಟ್ ಎತ್ಕೊಂಡು ಓಡಾಡ್ತವ್ನೆ.

ಲ್ಯಾಬ್ ಅಕ್ಕ (ಗೌರಿಬಿದನೂರು)
ಅದು ಫಿಲಡೆಲ್ಫಿಯಾ ಕ್ರೋಮೋಸೋಮ್, 1960ರಲ್ಲೇ ಕಂಡಿದ್ರು. ಅಂಟ್ಕೊಂಡ ಜಾಗದಲ್ಲಿ ಹುಟ್ಟೋ ಹೊಸ ಪ್ರೋಟೀನ್ ಬಿಳಿ ರಕ್ತಕಣನ ಬಿಡದೆ ಹೆಚ್ಚಿಸುತ್ತೆ. ಆ ಒಂದೇ ಪ್ರೋಟೀನ್ ಬಾಯಿ ಮುಚ್ಚೋ ಮಾತ್ರೆ 2001ರಲ್ಲಿ ಬಂತು. ಚೆನ್ನಾಗಿದೀನಿ ಅಂತ ಚಿಕ್ಕಪ್ಪ ತಾನಾಗೇ ಮಾತ್ರೆ ಬಿಡ್ದಂಗೆ ನೋಡ್ಕೊಳ್ಳಿ.

ಚಪ್ಪರದ ಹುಡ್ಗ
ಅಬ್ಬಾ ಎಲ್ಲಿಂದ ಎಲ್ಲಿಗೆ ಹೋಯ್ತು. ನನ್ ಕೊಂಬೆ ಏನ್ ಮಾಡ್ಲಿ ಅದನ್ನ ಹೇಳಿ ಮೊದ್ಲು

ಮಾಲೂರು ನರ್ಸರಿ
ಬಣ್ಣದ ದಾರ ಕಟ್ಟಿ ಗುರ್ತು ಮಾಡಿ. ಪ್ರೂನಿಂಗ್ ಟೈಮಲ್ಲಿ ಆ ಕೊಂಬೆಯ ಕಡ್ಡೀನೇ ತಗೊಂಡು ಡಾಗ್‌ರಿಡ್ಜ್ ಮೇಲೆ ಕಸಿ ಕಟ್ಟಿ. ಎಲ್ಲದ್ರಲ್ಲೂ ಕೆಂಪು ಬರಲ್ಲ. ಚಿಗುರಿನ ತುದೀಲಿ ಜೀವಕೋಶ ಪದರ ಪದರ ಇರ್ತವೆ, ಒಂದು ಪದರದಲ್ಲಿ ಮಾತ್ರ ಬದಲಾಗಿದ್ರೆ ಕೆಲವು ಗಿಡ ಹಸಿರಿಗೇ ವಾಪಸ್ ಹೋಗುತ್ತೆ. ಎರಡು ಮೂರು ಫಸಲು ನಿಂತ್ರೆ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಗೆ ತಗೊಂಡೋಗಿ ತೋರ್ಸಿ. ನಿಮ್ಮ ಹೆಸರಲ್ಲೇ ರೈತ ತಳಿ ಅಂತ ನೋಂದಣಿ ಮಾಡಿಸ್ಬಹುದು, 2001ರ ಕಾಯ್ದೆ ಪ್ರಕಾರ ರೈತರಿಗೆ ಅದಕ್ಕೆ ಫೀಸಿಲ್ಲ. ಅಲ್ಲೀವರ್ಗೂ ಯಾರಿಗೂ ಕಡ್ಡಿ ಕೊಡ್ಬೇಡಿ!

ಕೋಲಾರ್ ಟೊಮ್ಯಾಟೊ
ಫೋಟೋ ಇನ್ನೂ ಹಾಕಿಲ್ಲ ನೋಡಿ, ಈಗ್ಲೇ ಹುಷಾರಾಗ್ಬಿಟ್ಟ 😄

ಚಿಂತಾಮಣಿ ಅಕ್ಕ
ಲ್ಯಾಬ್ ಅಕ್ಕ, ಇನ್ನೊಂದೇ ಒಂದು. ನಮ್ಮ ನಾದಿನಿ ಮಗಳನ್ನ ಸೋದರಮಾವಂಗೇ ಕೊಡೋ ಮಾತು ನಡೀತಿದೆ. ನಮ್ಮ ಕಡೆ ಇದು ಹಿಂದಿಂದ ಇದ್ದಿದ್ದೇ, ನಮ್ಮತ್ತೇನೂ ಮಾವಂಗೇ ಕೊಟ್ಟಿದ್ದು, ಮಕ್ಕಳೆಲ್ಲ ಗುಂಡ್ಕಲ್ಲಂಗವ್ರೆ. ಬೇಡ ಅಂದ್ರೆ ನನ್ನ ಮೇಲೇ ಬೀಳ್ತಾರೆ.

ಗುಬ್ಬಿ ತೋಟ
ಆಸ್ತಿ ಹೊರಗೆ ಹೋಗಲ್ಲ, ಹುಡುಗಿ ಕಣ್ಮುಂದೆ ಇರ್ತಾಳೆ. ಇದಕ್ಕೂ ಸೈನ್ಸ್ ತರ್ತೀರಾ?

ಲ್ಯಾಬ್ ಅಕ್ಕ (ಗೌರಿಬಿದನೂರು)
ತರ್ಲೇಬೇಕು ಅಣ್ಣ. ನಮ್ಮೆಲ್ಲರಲ್ಲೂ ಒಂದಷ್ಟು ಕೆಟ್ಟ ಜೀನು ಮುಚ್ಕೊಂಡಿರ್ತವೆ, ಜೊತೇಲಿ ಒಳ್ಳೆ ಪ್ರತಿ ಇರೋದ್ರಿಂದ ಗೊತ್ತೇ ಆಗಲ್ಲ. ಸೋದರಮಾವ ಮತ್ತೆ ಅಕ್ಕನ ಮಗಳ ಜೀನುಗಳಲ್ಲಿ ನಾಲ್ಕರಲ್ಲೊಂದು ಪಾಲು ಒಂದೇ ಮೂಲದ್ದು, ಅತ್ತೆ-ಮಾವನ ಮಕ್ಕಳಾದ್ರೆ ಎಂಟರಲ್ಲೊಂದು. ಇಬ್ರಲ್ಲೂ ಅದೇ ಕೆಟ್ಟ ಪ್ರತಿ ಇದ್ರೆ ಪ್ರತಿ ಬಸಿರಲ್ಲೂ ನಾಲ್ಕಕ್ಕೊಂದು ಸಾಧ್ಯತೆ ಮಗುಗೆ ಎರಡೂ ಕೆಟ್ಟದ್ದೇ ಬರೋಕೆ. ಹೆಚ್ಚಿನ ಮಕ್ಕಳು ಚೆನ್ನಾಗೇ ಹುಟ್ತಾರೆ, ಅತ್ತೆ ಮಕ್ಕಳು ಅದಕ್ಕೇ ಗುಂಡ್ಕಲ್ಲು. ಆದ್ರೆ ಮೈಯಲ್ಲಿ ರಕ್ತ ಸರಿಯಾಗಿ ಆಗದ ಥಲಸೇಮಿಯಾ ಮಗುಗೆ ಮೂರು ನಾಲ್ಕು ವಾರಕ್ಕೊಂದು ಸಲ ರಕ್ತ ಹಾಕ್ಸೋ ಅಪ್ಪ ಅಮ್ಮನ ಮುಖ ನಾನು ನೋಡಿದೀನಿ, ಆಸ್ತಿ ಮಾತು ಅವರ ಹತ್ರ ಆಡಿ ನೋಡಿ.

ಚಿಂತಾಮಣಿ ಅಕ್ಕ, ಜಗಳ ಬೇಡ. ಬೇರೆ ಸಂಬಂಧ ನೋಡೋಕಾದ್ರೆ ನೋಡ್ಲಿ, ಆಗಲ್ಲ ಅಂದ್ರೆ ಮಾತು ಮುಗಿಯೋಕೆ ಮುಂಚೆ ಹುಡುಗ ಹುಡುಗಿ ಇಬ್ರಿಗೂ ರಕ್ತದ ಎಚ್‌ಪಿಎಲ್‌ಸಿ ಟೆಸ್ಟ್ ಮಾಡ್ಸಿ. ಥಲಸೇಮಿಯಾ, ಸಿಕಲ್ ಸೆಲ್ ವಾಹಕರಾ (ಒಂದು ಕೆಟ್ಟ ಪ್ರತಿ ಮುಚ್ಕೊಂಡಿರೋರಾ) ಅಂತ ಅದ್ರಲ್ಲಿ ಗೊತ್ತಾಗುತ್ತೆ. ಎಲ್ಲಾ ಕಾಯಿಲೇನೂ ಅದು ಹಿಡಿಯಲ್ಲ. ಮನೆತನದಲ್ಲಿ ಕಿವುಡು ಮಗು, ಬುದ್ಧಿ ಬೆಳವಣಿಗೆ ಆಗ್ದಿರೋ ಮಗು, ಕಾರಣ ಗೊತ್ತಾಗ್ದೆ ಚಿಕ್ಕಂದಲ್ಲೇ ತೀರ್ಕೊಂಡ ಮಗು ಯಾರಾದ್ರೂ ಇದ್ರಾ ಅಂತ ವಯಸ್ಸಾದವ್ರನ್ನ ಕೇಳಿ, ಅದನ್ನ ಮುಚ್ಚಿಡದೆ ಡಾಕ್ಟರಿಗೆ ಹೇಳ್ಬೇಕು.

ಚಿಂತಾಮಣಿ ಅಕ್ಕ
ನಮ್ಮತ್ತೆಗೆ ಮೊದಲೆರಡು ಮಕ್ಕಳು ಹೋಗಿದ್ವು. ಯಾರೂ ಆ ಮಾತೇ ಎತ್ತಲ್ಲ. ಭಾನುವಾರ ಎಲ್ರೂ ಸೇರ್ತಾರೆ, ಅವರನ್ನೇ ಪಕ್ಕಕ್ಕೆ ಕರೆದು ಕೇಳ್ತೀನಿ.

ಲ್ಯಾಬ್ ಅಕ್ಕ (ಗೌರಿಬಿದನೂರು)
ಕೇಳಿ. ಎಷ್ಟು ತಿಂಗಳ ಮಗು, ಬಿಳಿಚಿಕೊಂಡಿತ್ತಾ, ಹೊಟ್ಟೆ ಊದಿತ್ತಾ ಅಂತಾನೂ ಕೇಳಿ. ರಿಪೋರ್ಟ್ ಬಂದ ಮೇಲೆ ನನಗೆ ಮೆಸೇಜ್ ಮಾಡಿ.